ಎಲ್ಲಿ ನೋವು ಎಂದು ಕೇಳುವ ಹಾಳೆ

ಇನ್ನೂ ಬೆಳಕು ಹರಿದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ದೀಪ ಉರಿಯುತ್ತಿದೆ. ಪಕ್ಕದ ಕೋಣೆಯ ಮಂಚಕ್ಕೆ ಬೆಳಕು ಬೀಳದಂತೆ ಒಂದು ರಟ್ಟು ಅಡ್ಡ ಇಟ್ಟಿದೆ. ದೀಪದ ಕೆಳಗೆ ಕೂತ ಹೆಂಗಸು ನಲ್ಲಿಯ ಚಿತ್ರ ಬರೆದು ಅಳಿಸಿ ಮತ್ತೆ ಬರೆಯುತ್ತಿದ್ದಾರೆ. ನಲ್ಲಿಯ ಕೆಳಗೆ ಲೋಟ, ಲೋಟ ಹಿಡಿದ ಕೈ.

"ನಿನ್ನೆ ನಮ್ಮ ಯಜಮಾನರು ನೀರು ಕೇಳೋಕೆ ಹೋಗಿ ಕಿಟಕಿ ಕಿಟಕಿ ಅಂದ್ರು. ನಾನು ಕಿಟಕಿ ತೆಗೆದೆ, ಮುಚ್ಚಿದೆ, ಪರದೆ ಎಳೆದೆ. ನನ್ನ ಒದ್ದಾಟ ನೋಡಿ ಅವರಿಗೇ ನಗು ಬಂತು. ನಕ್ಕು ನಕ್ಕು ಆಮೇಲೆ ಅಳು ಬಂತು. ಅದಕ್ಕೇ ಈ ನಲ್ಲಿ," ಎನ್ನುತ್ತಾರೆ, ತಲೆ ಎತ್ತದೆ.

ಬೀದಿಯವರ ಬಾಯಲ್ಲಿ ಇವರು ಹಾಳೆ ಟೀಚರ್. ಪುಟ್ಟ ಮಕ್ಕಳಿಗೆ ಓದು, ಲೆಕ್ಕ ಕಲಿಸುವ ಅಭ್ಯಾಸದ ಹಾಳೆಗಳನ್ನು ಬರೆದು ಆನ್‌ಲೈನಿನಲ್ಲಿ ಮಾರುತ್ತಾರೆ. ಎಲ್ಲೋ ಇರುವ ಯಾವುದೋ ಶಿಕ್ಷಕಿ ಅದನ್ನು ಕೊಂಡು, ಪ್ರಿಂಟ್ ತೆಗೆದು ತನ್ನ ತರಗತಿಯಲ್ಲಿ ಹಂಚುತ್ತಾಳೆ. ಹಾಳೆಯ ಮೂಲೆಯಲ್ಲಿ ಇವರ ಹೆಸರೂ ಇರುವುದಿಲ್ಲ.

ಇಂಥ ಹಾಳೆ ಮಾರುವವರಿಗೇನೂ ಬರವಿಲ್ಲ. ಹೆಚ್ಚಿನವರು ಚಿಟ್ಟೆ, ಬಲೂನು, ನಗುವ ಸೂರ್ಯ ಎಂದು ಅಂದ ಮಾಡುತ್ತಾರೆ. ಇವರದು ಬೇರೆಯೇ ಹಟ. ಯಾರಾದರೂ ತಪ್ಪು ಮಾಡಿದ್ದನ್ನು ಕಣ್ಣಾರೆ ನೋಡದೆ ಹಾಳೆಗೆ ಕೈ ಹಾಕುವುದಿಲ್ಲ. "ತಪ್ಪೇ ನನಗೆ ಬಂಡವಾಳ. ಮಗು ಎಲ್ಲಿ ಎಡವುತ್ತೋ ಅಲ್ಲೇ ತಾನೇ ಕೈ ಹಿಡೀಬೇಕು?"

ಮಕ್ಕಳು ಕಡಿಮೆಯಾಗಿ ಅವರು ಪಾಠ ಮಾಡುತ್ತಿದ್ದ ಶಾಲೆ ಮುಚ್ಚಿದಾಗ ಕೆಲಸದ ಜೊತೆಗೆ ಆ ಬಂಡವಾಳವೂ ಹೋಯಿತು. ನೆನಪಿನಲ್ಲಿದ್ದ ತಪ್ಪುಗಳು ಎಷ್ಟು ದಿನ ಬಂದಾವು? ಬಸ್ಸಿನಲ್ಲಿ ಸುಮ್ಮನೆ ಕೂತು ಮಕ್ಕಳು ಬೋರ್ಡು ಓದುವುದನ್ನು ಕದ್ದು ಕೇಳಿದರು. ತರಕಾರಿ ಅಂಗಡಿಯ ಮುಂದೆ ನಿಂತು ಚಿಲ್ಲರೆ ಎಣಿಸುವ ಪುಟ್ಟ ಕೈಗಳನ್ನು ನೋಡಿದರು. ಒಬ್ಬ ತಾಯಿ, "ಏನಮ್ಮಾ, ನನ್ನ ಮಗೂನೇ ಯಾಕೆ ನುಂಗೋ ಹಾಗೆ ನೋಡ್ತೀಯಾ?" ಎಂದು ಬೈದದ್ದೂ ಆಯಿತು.

ಆಮೇಲೆ, ತಪ್ಪುಗಳು ಹುಡುಕಿಕೊಂಡು ಮನೆಗೇ ಬಂದವು. ಜೀವಮಾನವೆಲ್ಲ ಬಸ್ ಓಡಿಸಿದ ಯಜಮಾನರಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ಕಲಸಿಹೋಯಿತು. ಚಮಚಕ್ಕೆ ಚಪ್ಪಲಿ, ಹೆಂಡತಿಗೆ ಟಿಕೆಟ್. "ಮೂವತ್ತು ಮಕ್ಕಳ ತಪ್ಪು ಇವರೊಬ್ಬರೇ ಮಾಡ್ತಾರೆ ನೋಡಿ," ಎಂದು ಟೀಚರ್ ನಗುತ್ತಾರೆ. ನಗು ಕಣ್ಣಿನವರೆಗೆ ಬರುವುದಿಲ್ಲ. ಗಂಡನಿಗೆಂದು ಬರೆದ ಹಾಳೆಗಳನ್ನೇ ಮಾರಾಟಕ್ಕೂ ಇಟ್ಟರು. ಇಂಥ ರೋಗಿಗಳಿರುವ ಮನೆಯವರು ಕೊಳ್ಳತೊಡಗಿದರು.

ಎಲ್ಲ ಪದಗಳೂ ಮರಳಿ ಬರುತ್ತವೆಂಬ ಆಸೆ ಟೀಚರಿಗಿಲ್ಲ. ಬೇಕಾದದ್ದು ಒಂದೇ: ಎಲ್ಲಿ ನೋಯುತ್ತಿದೆ ಎಂದು ಯಜಮಾನರು ಹೇಳುವಂತಾಗಬೇಕು. ಅದಕ್ಕಾಗಿ ಎದುರು ಮುಖ ಮಾಡಿ ನಿಂತ ಮನುಷ್ಯನ ಚಿತ್ರ ಬರೆದರು. ನೋವಿದ್ದ ಕಡೆ ಬೆರಳಿಟ್ಟು ತೋರಿಸಿದರಾಯಿತು.

ಯಜಮಾನರು ತೋರಿಸಿದರು, ಹಾಳೆಯ ಬಲಬದಿಗೆ ಬರುವ ಸೊಂಟದ ಪಕ್ಕ. ಟೀಚರ್ ಅದನ್ನು ಬಲಸೊಂಟ ಎಂದು ಓದಿಕೊಂಡರು. ತರಗತಿಯಲ್ಲಿ ಮಕ್ಕಳ ಎದುರು ನಿಂತು 'ಎಡಗೈ ಎತ್ತಿ' ಎನ್ನುವಾಗ ಟೀಚರ್ ಎತ್ತುವುದು ಬಲಗೈ, ಮಕ್ಕಳು ಕನ್ನಡಿ ನೋಡಿದಂತೆ ಅನುಸರಿಸಲಿ ಎಂದು. ಆ ರೂಢಿಯಲ್ಲಿ ಅವರ ಪಾಲಿಗೆ ಚಿತ್ರವೂ ಕನ್ನಡಿ. ಆದರೆ ಡ್ರೈವರಿಗೆ ಎದುರು ನಿಂತವನು ಎದುರಿನಿಂದ ಬರುತ್ತಿರುವವನು. ಅವನ ಎಡ ಅವನದೇ ಎಡ. ಯಜಮಾನರು ಹೇಳಿದ್ದು ಎಡಸೊಂಟ.

"ನನಗೆಷ್ಟು ಖುಷಿ ಆಯ್ತು ಗೊತ್ತಾ? ಸ್ವಾಧೀನ ಇಲ್ಲದ ಬಲಗಡೆ ನೋವು ಅಂತಿದ್ದಾರೆ, ಅಂದ್ರೆ ಜೀವ ಬರ್ತಿದೆ ಅಂದ್ಕೊಂಡೆ. ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದೆ. ಬಲಕ್ಕೆ ಭಾರ ಬೀಳಬಾರದು ಅಂತ ಎಡಮಗ್ಗುಲಿಗೇ ಮಲಗಿಸಿದೆ. ಅವರು ಬೇಡ ಬೇಡ ಅಂತ ಚಿತ್ರ ಗುದ್ದಿದ್ರು. ಪಾಠ ಚೆನ್ನಾಗಿ ಕಲೀತಿದ್ದಾರೆ ಅಂತ ಬೆನ್ನು ತಟ್ಟಿದೆ."

ಎಡಸೊಂಟದಲ್ಲಿ ಒಳಗೊಳಗೇ ಮಾಗುತ್ತಿದ್ದ ಹಾಸಿಗೆ ಹುಣ್ಣು ಒಡೆದಾಗ ಎಲ್ಲ ಗೊತ್ತಾಯಿತು. ಮನೆಗೆ ಬಂದ ನರ್ಸ್ ಬಾಯಿಗೆ ಬಂದಂತೆ ಬೈದಳು: "ಓದಿದೋರು ನೀವು! ಮನುಷ್ಯ ಕೂಗ್ತಿದ್ರೂ ಹುಣ್ಣಿನ ಮೇಲೇ ಮಲಗಿಸ್ತಾರಾ?" ಬೈದವಳೇ ಹೋಗುವಾಗ ಮುಲಾಮಿನ ಟ್ಯೂಬೊಂದನ್ನು ದಿಂಬಿನ ಪಕ್ಕ ಬಿಟ್ಟುಹೋದಳು.

ಹುಣ್ಣು ಮೂಳೆಯವರೆಗೆ ಹೋಗಿತ್ತು. ಆಸ್ಪತ್ರೆಯಿಂದ ಮರಳಿದ ಯಜಮಾನರು ಅರ್ಧ ಆಗಿದ್ದರು. ಮತ್ತೆ ಕೂರಲಾಗಲಿಲ್ಲ, ಇನ್ನು ಕೂರುವುದೂ ಇಲ್ಲ. ಅಷ್ಟರಲ್ಲಿ ಆ ಹಾಳೆ ಬೇರೆ ಮನೆಗಳಿಗೂ ಮಾರಾಟವಾಗಿತ್ತು. ಟೀಚರ್ ಅದನ್ನು ತೆಗೆದುಹಾಕಿ, ಕೊಂಡ ಪ್ರತಿಯೊಬ್ಬರಿಗೂ ನಡೆದದ್ದನ್ನು ನಡೆದಂತೆ ಬರೆದರು. ಹಲವರು ಉಗಿದರು. ಇಂಥವರ ಹಾಳೆ ಕೊಳ್ಳಬೇಡಿ ಎಂದು ಎಲ್ಲರಿಗೂ ಕಾಣುವಂತೆ ಬರೆದರು. ಒಬ್ಬಾಕೆ ಮಾತ್ರ, 'ನಿಮ್ಮ ಪತ್ರ ಓದಿ ನಮ್ಮಮ್ಮನನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿದೆ. ನೀವು ಊಟ ಬಿಡಬೇಡಿ, ಹಾಳೆ ಬರೆಯುವುದನ್ನೂ ಬಿಡಬೇಡಿ' ಎಂದು ಬರೆದಳು.

ಎಷ್ಟೋ ದಿನ ಟೀಚರ್ ಪೆನ್ಸಿಲ್ ಮುಟ್ಟಲಿಲ್ಲ. ಕೆಳಗಿನ ಅಂಗಡಿಯ ಟೈಲರ್ ಒಳ್ಳೆಯವನು, ಯಜಮಾನರಿಗೆ ನಿದ್ದೆ ಹತ್ತಿದೆ ಎಂದರೆ ಮಿಷಿನ್ ನಿಲ್ಲಿಸಿ ಕೈಹೊಲಿಗೆಗೆ ಕೂರುತ್ತಾನೆ. ದಿಂಬಿನ ಚೀಲ ಹೊಲಿಸಲು ಹೋದಾಗ ಟೀಚರಿಗೆ ಅವನ ಕೈಯಲ್ಲಿದ್ದ ಅಂಗಿಯ ತೋಳಿನ ಮೇಲೊಂದು ಕೆಂಪು ಪಟ್ಟಿ ಕಂಡಿತು.

"ಇದೇನು ಟೈಲರಣ್ಣ, ಹೊಸ ಫ್ಯಾಷನ್ನಾ?"

"ಅಯ್ಯೋ, ಫ್ಯಾಷನ್ ಎಲ್ಲಿಂದ ಟೀಚರಮ್ಮ! ಅದು ಎಡತೋಳು ಅಂತ ಗುರುತು. ಹಿಂದೆ ಮುಂದೆ ಹೆಂಗೆ ತಿರುಗಿಸಿದ್ರೂ ಕೆಂಪು ಇರೋದೇ ಎಡ. ನಾನು ಯೋಚನೆ ಮಾಡಂಗೇ ಇಲ್ಲ. ಯೋಚನೆ ಮಾಡಿದ ದಿನಾನೇ ಅಂಗಿ ಹಾಳಾಗೋದು."

ದಿಂಬಿನ ಚೀಲ ಅಲ್ಲೇ ಬಿಟ್ಟು ಟೀಚರ್ ಮೆಟ್ಟಿಲು ಹತ್ತಿದರು. ಟೈಲರ್ ಹಿಂದೆಯೇ ಬಂದು ಕೆಂಪು ಪಟ್ಟಿಯ ಸುರುಳಿಯನ್ನೇ ಕೊಟ್ಟು, ತಾನೇ ಯಜಮಾನರ ಎಡಮಣಿಕಟ್ಟಿಗೆ ಒಂದು ತುಂಡು ಕಟ್ಟಿದ. ಚಿತ್ರದ ಮನುಷ್ಯನ ಎಡಗೈಗೂ ಈಗ ಕೆಂಪು ಪಟ್ಟಿ. ಹೊಸ ಹಾಳೆಯ ಮೇಲೆ ಸೂಚನೆ ಒಂದೇ ಸಾಲು: ರೋಗಿಯ ಎಡಗೈಗೆ ಮೊದಲು ಕೆಂಪು ಕಟ್ಟಿ. ಕೊಳ್ಳುವವರು ಕಡಿಮೆ. ಹೆಸರು ಕೆಟ್ಟಮೇಲೆ ಅಷ್ಟೇ.

ಬೆಳಕು ಬಂದಿದೆ. ಟೀಚರ್ ಹಾಳೆಯನ್ನು ಮಂಚದ ಬಳಿ ಹಿಡಿಯುತ್ತಾರೆ. "ಏನ್ರೀ, ಇವತ್ತು ಎಲ್ಲಿ?" ಯಜಮಾನರ ಬೆರಳು ಸೊಂಟ ಮುಟ್ಟುತ್ತದೆ, ಭುಜ ಮುಟ್ಟುತ್ತದೆ. ಆಮೇಲೆ ಚಿತ್ರ ದಾಟಿ ಏನೂ ಬರೆಯದ ಕಡೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಕೆಲವು ದಿನಗಳಿಂದ ಹೀಗೇ ಅಂತೆ. ಬುದ್ಧಿ ಇನ್ನಷ್ಟು ಮಂಕಾಗುತ್ತಿದೆ ಎನ್ನುತ್ತಾಳಂತೆ ನರ್ಸ್.

ಟೀಚರ್ ಆ ಬೆರಳನ್ನು ಸರಿಪಡಿಸುವುದಿಲ್ಲ. ಯಜಮಾನರೇ ಅದನ್ನು ಎತ್ತುವವರೆಗೂ ಹಾಳೆ ಹಿಡಿದೇ ನಿಲ್ಲುತ್ತಾರೆ.

"ಒಂದ್ಸಲ ಅವರು ಸರಿಯಾಗೇ ಹೇಳಿದ್ರು, ನನಗೇ ತಿಳೀಲಿಲ್ಲ. ಈಗಲೂ ಸರಿಯಾಗೇ ಹೇಳ್ತಿರಬಹುದು, ಎಲ್ಲ ನೋವೂ ಮೈಯಲ್ಲೇ ಇರ್ಬೇಕು ಅಂತಿಲ್ಲವಲ್ಲ," ಎನ್ನುತ್ತಾರೆ. "ಅದಕ್ಕೇ ಹೊಸ ಹಾಳೇಲಿ ಮನುಷ್ಯನ್ನ ಸ್ವಲ್ಪ ಚಿಕ್ಕದು ಮಾಡಿ, ಸುತ್ತ ಜಾಗ ಜಾಸ್ತಿ ಬಿಟ್ಟಿದ್ದೀನಿ."