ಜಾಲರಿ ಅಕ್ಕನ ಜೇಬಿನ ಕವರ್

ನೀರು, ಗಾಳಿ ಸೋಸುವ ಯಂತ್ರಗಳನ್ನು ರಿಪೇರಿ ಮಾಡುವ ಆ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು ಜಾಲರಿ ಅಕ್ಕ. ಸ್ಕ್ರೂಡ್ರೈವರ್ ಕೈಗೆ ಬಂತೆಂದರೆ ಅವಳ ಬಾಯಿಗೆ ಬೀಗ ಹಾಕುವವರೇ ಇಲ್ಲ. "ನೋಡಿ, ಈ ದಾರದ ಉಂಡೆ ಮಣ್ಣು ಹಿಡಿಯುತ್ತೆ. ಈ ಇದ್ದಿಲು ವಾಸನೆ ಹೀರುತ್ತೆ. ಆಮೇಲೆ ಈ ಪೊರೆ ಇದೆಯಲ್ಲ, ಇದರಲ್ಲಿ ಉಪ್ಪು ಕೂಡ ನುಸುಳೋಕೆ ಒದ್ದಾಡುತ್ತೆ!" ಎಂದು ಶುರು ಮಾಡಿದರೆ, ಒಲೆಯ ಮೇಲೆ ಹಾಲು ಉಕ್ಕಿದರೂ ಮನೆಯವರು ಅಲುಗಾಡುವಂತಿಲ್ಲ.

ಅವಳದ್ದೊಂದು ಕಟ್ಟುನಿಟ್ಟಿನ ಅಭ್ಯಾಸ. ಹೊಸ ಫಿಲ್ಟರಿನ ಪ್ಲಾಸ್ಟಿಕ್ ಕವರ್ ಹರಿದು ಜೇಬಿಗೆ ತುರುಕುವುದು, ಸಂಜೆ ಮನೆಯಲ್ಲಿ ಎಣಿಸುವುದು. ಆರು ಫಿಲ್ಟರ್ ಹಾಕಿದ್ದರೆ ಆರು ಕವರ್ ಇರಲೇಬೇಕು.

ಅವಳ ತಂಗಿಯ ಮನೆ ಇದ್ದದ್ದು ಬಡಗಿಯ ಅಂಗಡಿಯ ಮೇಲೆ. ಕಿಟಕಿ ಮುಚ್ಚಿದರೂ ಮರದ ಹೊಟ್ಟು ಒಳಗೆ ಬರುತ್ತಿತ್ತು, ಐದು ವರ್ಷದ ಮಗಳು ಕೆಮ್ಮಿ ಕೆಮ್ಮಿ ಹೈರಾಣಾಗಿದ್ದಳು. ಅವಳ ಹುಟ್ಟುಹಬ್ಬಕ್ಕೆ ದೊಡ್ಡಮ್ಮನೇ ಗಾಳಿ ಸೋಸುವ ಯಂತ್ರ ತಂದು ಕೂರಿಸಿದ್ದಳು. ಇಪ್ಪತ್ತು ದಿನ ಕಳೆದರೂ ಕೆಮ್ಮು ಒಂದಿಷ್ಟೂ ಇಳಿಯಲಿಲ್ಲ.

ಒಂದು ಬೆಳಿಗ್ಗೆ ತಂಗಿ ಫೋನಿನಲ್ಲಿ ಅತ್ತಳು. "ಅಕ್ಕಾ, ನಾಳೆ ಇವರು ಮಗೂನ ಅಜ್ಜಿ ಮನೆಗೆ ಬಿಟ್ಟು ಬರ್ತಾರಂತೆ. ಇನ್ಮೇಲೆ ಅಲ್ಲೇ ಇರಲಿ, ಅಲ್ಲೇ ಸ್ಕೂಲಿಗೆ ಹೋಗಲಿ ಅಂತಿದಾರೆ."

ಜಾಲರಿ ಅಕ್ಕ ಎದ್ದೆನೋ ಬಿದ್ದೆನೋ ಎಂದು ಓಡಿದಳು. ತಂಗಿಯ ಗಂಡ ಪುಟ್ಟ ಫ್ರಾಕುಗಳನ್ನು ಮಡಿಚಿ ಪೆಟ್ಟಿಗೆಗೆ ಇಡುತ್ತಿದ್ದ. "ಬೇಜಾರು ಮಾಡ್ಕೋಬೇಡಿ ಅತ್ತಿಗೆ. ನಿಮ್ಮ ಮಷಿನ್ ಸದ್ದು ಮಾಡುತ್ತೆ, ಅಷ್ಟೇ."

"ಅಷ್ಟೇನಾ? ಒಳಗಿರೋದು ಜರಡಿ ಅಲ್ಲ ರೀ, ನೂಲಿನ ಕಾಡು! ದಪ್ಪ ಧೂಳು ನೇರ ಹೋಗಿ ಡಿಕ್ಕಿ ಹೊಡೆಯುತ್ತೆ. ತೀರಾ ಸಣ್ಣದು ಕುಡುಕನ ಹಾಗೆ ತೂರಾಡ್ತಾ ಬಂದು ನೂಲಿಗೆ ಅಂಟ್ಕೊಳ್ಳುತ್ತೆ!"

"ಮತ್ತೆ ನನಗ್ಯಾಕೆ ಕೆಮ್ಮು, ದೊಡ್ಡಮ್ಮ?" ಎಂದಳು ಹುಡುಗಿ.

ಜಾಲರಿ ಅಕ್ಕ ಯಂತ್ರ ಹಾಕಿದಳು. ತೆಳು ಕಾಗದದ ಚೂರೊಂದನ್ನು ಯಂತ್ರ ಗಾಳಿ ಎಳೆದುಕೊಳ್ಳುವ ಕಡೆ ಹಿಡಿದಳು. ಕಾಗದ ಸುಮ್ಮನೆ ಜೋತುಬಿತ್ತು. ಯಂತ್ರ ಆರಿಸಿ ಮುಚ್ಚಳ ತೆಗೆದಳು. ಬಡಗಿಯ ಅಂಗಡಿಯ ಮೇಲೆ ಇಪ್ಪತ್ತು ದಿನ ಇದ್ದ ಫಿಲ್ಟರ್ ಹಾಲಿನಂತೆ ಬೆಳ್ಳಗಿತ್ತು. ಅದರ ಮೈಮೇಲೆ ಪ್ಲಾಸ್ಟಿಕ್ ಕವರ್ ಮಿರಿಮಿರಿ ಮಿಂಚುತ್ತಿತ್ತು.

ಅವಳ ಕೈ ತಾನಾಗಿ ಜೇಬಿಗೆ ಹೋಯಿತು. ಹುಟ್ಟುಹಬ್ಬದ ದಿನ ತೊಟ್ಟ ಹೊಸ ಬಟ್ಟೆಗೆ ಜೇಬಿರಲಿಲ್ಲ, ಕವರ್ ಹರಿಯುವ ನೆನಪೂ ಆಗಿರಲಿಲ್ಲ. ಬಂದದ್ದು ಕೆಲಸಕ್ಕಲ್ಲವಲ್ಲ, ಸಂಜೆ ಎಣಿಸಲೂ ಇಲ್ಲ. ದೀಪದ ಕೆಳಗೆ ಕತ್ತಲೆ ಎನ್ನುವುದು ಇದಕ್ಕೇ! ತಂಗಿಯ ಗಂಡ ಬೆನ್ನು ತಿರುಗಿಸಿ ನಿಂತಿದ್ದ. ಕವರನ್ನು ಮೆಲ್ಲಗೆ ಕಿತ್ತು, ಮೋಟರ್ ಸಿಕ್ಕಿಕೊಂಡಿತ್ತು ಎಂದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಕೆಟ್ಟ ಯಂತ್ರವನ್ನು ನಂಬಿ ಮಗಳನ್ನು ಮನೆಯಲ್ಲಿ ಯಾರು ಉಳಿಸಿಕೊಳ್ಳುತ್ತಾರೆ?

ಅವಳು ಕವರನ್ನು ಪರ್‍ರೆಂದು ಹರಿದು ಎತ್ತಿ ಹಿಡಿದಳು. "ತಪ್ಪು ಮಷಿನ್‌ದಲ್ಲ, ನಂದು! ಫಿಲ್ಟರ್ ಸೋತಿಲ್ಲ ಕಣ್ರೀ, ಅದಿನ್ನೂ ಕೆಲಸಾನೇ ಶುರು ಮಾಡಿಲ್ಲ! ನನಗೆ ಎಷ್ಟು ಬೇಕಾದ್ರೂ ಬೈಯಿರಿ, ಒಂದು ವಾರ ಮಾತ್ರ ಕೊಡಿ!"

ಯಂತ್ರ ಹಾಕಿದಳು. ಈ ಸಲ ಕಾಗದದ ಚೂರು ಟಪ್ಪೆಂದು ಹೋಗಿ ಅಂಟಿಕೊಂಡಿತು. ಹುಡುಗಿ ಚಪ್ಪಾಳೆ ತಟ್ಟಿದಳು. ತಂಗಿಯ ಗಂಡ ಕಾಗದವನ್ನೂ ಅತ್ತಿಗೆಯ ಕೆಂಪಾದ ಮುಖವನ್ನೂ ನೋಡಿ, ಪೆಟ್ಟಿಗೆಯ ಮೇಲೆ ಕುಸಿದು ಕೂತು ನಗತೊಡಗಿದ. "ಊರಿಗೆಲ್ಲ ಪಾಠ ಹೇಳೋರು ನೀವು! ಆಯ್ತು, ಒಂದು ವಾರ."

ವಾರ ಕಳೆದು ಮುಚ್ಚಳ ತೆಗೆದಾಗ ಬಿಳಿ ಮಡಿಕೆಗಳ ತುಂಬ ಕಂದು ಧೂಳು. ಅದನ್ನು ಕಂಡು ಜಾಲರಿ ಅಕ್ಕ ಕುಣಿದದ್ದು ಕೆಳಗಿನ ಬಡಗಿಗೂ ಕೇಳಿಸಿತು. ಕೆಮ್ಮು ಪೂರ್ತಿ ಹೋಗಿರಲಿಲ್ಲ, ಆದರೆ ಹುಡುಗಿ ಮೂರು ರಾತ್ರಿ ನಡುವೆ ಕೆಮ್ಮಿ ಏಳದೆ ನಿದ್ದೆ ಮಾಡಿದ್ದಳು. ಪೆಟ್ಟಿಗೆ ಮತ್ತೆ ಬೀರುವಿನ ಮೇಲೇರಿತು.

ಈಗ ದಿನಾ ಸಂಜೆ ಅದೇ ಮನೆಯಿಂದ ಒಂದು ಫೋನ್ ಬರುತ್ತದೆ. "ದೊಡ್ಡಮ್ಮ, ಇವತ್ತು ಎಷ್ಟು ಫಿಲ್ಟರ್? ಎಷ್ಟು ಕವರ್?"