ಬೀಜದ ಡಬ್ಬಿಗಾಗಿ ಮಡಕೆಗೆ ಕೈ ಹಾಕಿದ್ದು

ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಒಳಗೆ ಏನಿದೆಯೆಂದು ಗೊತ್ತಿಲ್ಲದ ಮಡಕೆಯೊಳಕ್ಕೆ ಯಾವತ್ತಾದರೂ ಕೈ ಹಾಕಿದ್ದೀರಾ? ಇಲ್ಲ ತಾನೇ? ಹಾಗಿದ್ದರೆ ಇದನ್ನು ಓದುವಾಗ ಕೈಯಲ್ಲಿ ಚಕ್ಕುಲಿಯೋ ಬಾಳೆಹಣ್ಣೋ ಇದ್ದರೆ ಮೊದಲು ಪಕ್ಕಕ್ಕಿಡಿ. ಆಮೇಲೆ ನನ್ನನ್ನು ಬೈಯಬೇಡಿ.

ನನಗೆ ಬುದ್ಧಿ ಬಂದಾಗಿನಿಂದ ಹುಳ ಎಂದರೆ ಅಸಹ್ಯ. ಭಯವಲ್ಲ, ಅಸಹ್ಯ. ಹಾವು ಕಂಡರೆ ಕೋಲು ಹುಡುಕುತ್ತೇನೆ, ಹಲ್ಲಿ ಬಿದ್ದರೆ ಪೊರಕೆ ಹುಡುಕುತ್ತೇನೆ. ಆದರೆ ಅವರೆಕಾಯಿ ಸುಲಿಯುವಾಗ ಒಳಗಿನಿಂದ ಹಸಿರು ಹುಳವೊಂದು ತಲೆ ಎತ್ತಿ ನೋಡಿದರೆ ಮೊರವನ್ನು ಅಲ್ಲೇ ಬಿಟ್ಟು ಎದ್ದುಬಿಡುತ್ತೇನೆ. ಗುಬ್ಬಿಯ ನಮ್ಮ ತವರಿನಲ್ಲಿ ಅವರೆಕಾಯಿ ಕಾಲ ಬಂದರೆ ನನಗೆ ಸುಲಿಯುವ ಕೆಲಸವನ್ನೇ ಕೊಡುತ್ತಿರಲಿಲ್ಲ. ಬೇರೆಯವರು ಸುಲಿದು ನೆನೆಹಾಕಿದ ಕಾಳನ್ನು ಹಿತುಕುವುದಷ್ಟೇ ನನ್ನ ಪಾಲು. ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ, ಲೋಳೆಲೋಳೆ ಸಿಪ್ಪೆ ಬೆರಳಿನಲ್ಲಿ ಉಳಿಯುತ್ತದೆ. ಮದುವೆಯಾಗಿ ತುಮಕೂರಿಗೆ ಬಂದ ಮೇಲೂ ಅದೇ ಕೆಲಸ. ಸಂಕ್ರಾಂತಿಗೆ ಹಿತಕಿದ ಬೇಳೆ ಸಾರು ಮಾಡದ ಮನೆ ನಮ್ಮ ಕಡೆ ಯಾವುದಿದೆ?

ಈಗ ಮೊಮ್ಮಗಳು ಫೋನಿನಲ್ಲಿ ಬರೆಯುವುದನ್ನು ಕಲಿಸಿದ್ದಾಳೆ. ಹುಳ ಎಂದು ಒತ್ತಿದ ಕೂಡಲೇ ಫೋನು ತಾನಾಗಿಯೇ ಹಸಿರು ಹುಳದ ಚಿತ್ರವೊಂದನ್ನು ತಂದು ಮುಂದಿಡುತ್ತದೆ. ನಾನು ಕೇಳಿದೆನೇ ಅದನ್ನು?

ಇಂಥ ನಾನು ತಾರಸಿ ತೋಟದವರ ಗುಂಪಿಗೆ ಹೋಗಿ ಕೂತದ್ದು ನನ್ನ ಬೀಗಿತ್ತಿಯಿಂದ. ಬೀಗಿತ್ತಿ ಎಂದರೆ ನನ್ನ ಮಗಳ ಅತ್ತೆ. ಕುಣಿಗಲ್ ಕಡೆಯವರು, ಮಾರ್ಕೋನಹಳ್ಳಿ ಜಲಾಶಯದ ನೀರಿನಲ್ಲಿ ತರಕಾರಿ ಬೆಳೆದ ಕೈ. ಮಗ ಸೊಸೆಯ ಜೊತೆ ಇರಲೆಂದು ಬಂದು ಈಗ ಕ್ಯಾತ್ಸಂದ್ರದಲ್ಲಿ ಎರಡನೇ ಮಹಡಿಯಲ್ಲಿದ್ದಾರೆ. ಮೇಲೆ ತಾರಸಿ ತುಂಬ ಕುಂಡ, ಒಡೆದ ಬಕೆಟ್ಟು, ಸಿಮೆಂಟ್ ಚೀಲ, ಎಲ್ಲದರಲ್ಲೂ ಮಣ್ಣು. ಅವರ ಉಗುರಿನ ಸಂದಿಯಲ್ಲಿರುವ ಗೊಬ್ಬರ ಯಾವ ಸೋಪಿಗೂ ಹೋಗುವುದಿಲ್ಲ. ಆ ಕೈಯಲ್ಲೇ ಕಾಫಿ ತಂದುಕೊಡುತ್ತಾರೆ. ನಾನು ಲೋಟವನ್ನು ಸೆರಗಿನಿಂದ ಒರೆಸಿಯೇ ತುಟಿಗಿಡುವುದು, ಅವರೆದುರಿಗೇ.

ಅವರ ಗುಂಪಿನಲ್ಲಿ ಒಂದು ಪದ್ಧತಿಯಿದೆ. ಗುಂಪಿಗೆಲ್ಲ ಸೇರಿದ ಬೀಜದ ಡಬ್ಬಿ ಒಂದು. ಹಳೆಯ ಬಿಸ್ಕತ್ತಿನ ಟಿನ್ನು, ಒಳಗೆ ಬೂದಿ ಹಚ್ಚಿದ ಬೀಜಗಳ ಪೊಟ್ಟಣ, ಬೇವಿನ ಸೊಪ್ಪು, ಒಂದಷ್ಟು ಸತ್ತ ನುಸಿ. ಸಂಕ್ರಾಂತಿಯ ಕ್ವಿಜ್ಜಿನಲ್ಲಿ ಗೆದ್ದವರ ಮನೆಯಲ್ಲಿ ಅದು ಒಂದು ವರ್ಷ ಇರುತ್ತದೆ. ಯಾರಿಗೆ ಬೀಜ ಬೇಕಾದರೂ ಅವರ ಮನೆಗೇ ಹೋಗಿ ಕೇಳಬೇಕು. ನನಗೆ ಆ ಡಬ್ಬಿಯ ಹೆಸರೆತ್ತಿದರೇ ಮೈ ತುರಿಸುತ್ತದೆ. ಬೀಗಿತ್ತಿಗೆ ಅದು ಬೇಕೇ ಬೇಕಾಗಿತ್ತು.

"ಊರಲ್ಲಿದ್ದಾಗ ದಿನಾ ಯಾರಾರ ಬರೋರು ಬೀಗ್ರೆ," ಅಂದರು ಒಂದು ದಿನ, ಕುಂಡದ ಮಣ್ಣು ಕೆದಕುತ್ತ. "ಒಂದಿಡಿ ಹೀರೆ ಬೀಜ ಕೊಡಕ್ಕ, ಎರಡು ಕುಂಬಳ ಬೀಜ ಕೊಡಕ್ಕ ಅನ್ನೋರು. ಬೀಜ ಈಸ್ಕೊಂಡು ಕೂತು, ಮನೇಲಿರೋದೆಲ್ಲ ಹೇಳ್ಕೊಂಡು ಹೋಗೋರು. ಇಲ್ಲಿ ಈ ಮೆಟ್ಲು ಹತ್ತಿ ಬರೋನು ಗ್ಯಾಸ್ ಸಿಲಿಂಡ್ರು ತರೋನೊಬ್ನೇ. ಅವ್ನೂ ಕೂರಲ್ಲ."

"ನಾನ್ ಬರ್ತೀನಲ್ಲ."

"ನೀವು ಮೂಗು ಮುಚ್ಕೊಂಡ್ ಬರ್ತೀರಿ. ಅದು ಲೆಕ್ಕಕ್ಕಿಲ್ಲ. ಆ ಡಬ್ಬಿ ಒಂದು ಇಲ್ಲಿಗೆ ಬಂದ್ರೆ ಜನ ಬರ್ತಾರೆ ಕಣ್ರಿ. ಕ್ವಿಜ್ಜಿಗೆ ಜೋಡಿ ಬೇಕಂತೆ. ಮಣ್ಣಿನ್ ವಿಷ್ಯ ನನ್ಗೆ ಬುಡಿ, ಹಬ್ಬದ್ ವಿಷ್ಯ ನಿಮ್ಗೆ."

"ನಿಮ್ ಗುಂಪಿನೋರೆಲ್ಲ ಗೊಬ್ಬರದ್ ವಾಸ್ನೆ ಹೊಡೀತಾರೆ."

"ನಿಮ್ ಪೌಡರ್ ವಾಸ್ನೆ ಅವ್ರು ತಡ್ಕೋತಾರೆ. ಅವ್ರುದ್ನ ನೀವು ತಡ್ಕೊಳ್ಳಿ."

ಹೀಗೆ ನಾನು ಜೋಡಿಯಾದೆ.

ಕ್ವಿಜ್ಜು ನಡೆದದ್ದು ಅಶೋಕನಗರದಲ್ಲಿ, ವಿಜ್ಞಾನ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರ ತಾರಸಿಯಲ್ಲಿ. ಮೆಟ್ಟಿಲು ಹತ್ತುವಾಗಲೇ ಗಂಜಲದ ವಾಸನೆ ಎದುರು ಬಂತು. ಮೇಲೆ ಹೋಗಿ ನೋಡಿದರೆ ಮೂಲೆಯಲ್ಲಿ ನೀಲಿ ಡ್ರಮ್ಮು, ಅದರ ತುಂಬ ಸಗಣಿ, ಗಂಜಲ, ಬೆಲ್ಲ ಕಲಸಿದ ನೀರು, ಮೇಲೆ ಬುಸುಬುಸು ನೊರೆ. ಮೇಷ್ಟ್ರು ಅದನ್ನು ಕೋಲಿನಿಂದ ತಿರುವಿ, ಕೈಯನ್ನು ಪಂಚೆಗೆ ಒರೆಸಿಕೊಂಡು, ಅದೇ ಕೈಯಲ್ಲಿ ನನಗೆ ಎಳ್ಳುಬೆಲ್ಲ ಕೊಟ್ಟರು. ನಾನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಪರ್ಸಿಗೆ ಹಾಕಿದೆ. ಅದು ಈಗಲೂ ಅಲ್ಲೇ ಇದೆ.

ಸುತ್ತ ನಿಜವಾದ ಚೆಂಡುಹೂವು ಕುಂಡಕುಂಡದಲ್ಲೂ ಅರಳಿ ನಿಂತಿದ್ದವು. ಇವರು ಕಟ್ಟಿದ್ದು ಪ್ಲಾಸ್ಟಿಕ್ಕಿನ ಚೆಂಡುಹೂವಿನ ತೋರಣ, ಅದರ ಮೇಲೆ ಹೋದ ವರ್ಷದ ಧೂಳು. ಒಂದು ಮೇಜಿನ ಮೇಲೆ ಪಲಾವಿನ ಪಾತ್ರೆ. ಅದರ ಪಕ್ಕದಲ್ಲೇ ಬಣ್ಣದ ಕಾಗದ ಸುತ್ತಿದ ಬಾಟಲಿ, ಒಳಗೆ ಕಂದು ಬಣ್ಣದ ದ್ರವ.

"ಅದೇನ್ ಮೇಷ್ಟ್ರೇ, ಪಾನಕವಾ?" ಎಂದು ಕೇಳಿದೆ.

"ಮೀನಿಗೆ ಬೆಲ್ಲ ಹಾಕಿ ಕೊಳೆಸಿರೋದು ಅಮ್ಮ. ಗಿಡಕ್ಕೆ ಟಾನಿಕ್ಕು. ಎರಡನೇ ಬಹುಮಾನ ಇದೇ."

ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆಯ ಚಿಪ್ಪು ಕೂಡ ಹೊಸ್ತಿಲು ದಾಟಿಲ್ಲ. ಎರಡನೇ ಸ್ಥಾನ ಬಂದರೆ ಕೊಳೆತ ಮೀನನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋಗಬೇಕು. ಬೀಗಿತ್ತಿಯ ಕಿವಿಯಲ್ಲಿ ಹೇಳಿದೆ: "ಗೆದ್ರೆ ಮೊದಲು ಬರ್ಬೇಕು, ಇಲ್ಲಾಂದ್ರೆ ಕೊನೆ. ಮಧ್ಯದಲ್ಲಿ ಮಾತ್ರ ಬೇಡ."

"ಕೊನೆ ಬಂದ್ರೆ ನಿಮ್ಮುನ್ನ ಆ ಡ್ರಮ್ಮಿಗೆ ಹಾಕ್ತೀನಿ," ಅಂದರು. ನಗುತ್ತಲೇ ಅಂದರು, ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಸುತ್ತಿ ಬಿಚ್ಚುತ್ತಿದ್ದರು.

ನಮಗೆ ಎದುರಾಳಿಗಳು ಕಡಬದ ಅಕ್ಕ ತಂಗಿ. ಒಂದೇ ಮನೆಗೆ ಸೊಸೆಯರಾಗಿ ತುಮಕೂರಿಗೆ ಬಂದವರು, ಎರೆಗೊಬ್ಬರ ಮಾಡುವುದರಲ್ಲಿ ಇಡೀ ಗುಂಪಿಗೇ ಗುರುಗಳು. ಡಬ್ಬಿ ಹೋದ ವರ್ಷ ಅವರ ಮನೆಯಲ್ಲೇ ಇತ್ತು. ಅಂದೂ ಅದನ್ನು ಅಕ್ಕ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು, ಯಾರೋ ಕಿತ್ತುಕೊಳ್ಳುತ್ತಾರೆ ಎನ್ನುವ ಹಾಗೆ.

ಪ್ರಶ್ನೆಗಳು ಶುರುವಾದವು. ಸಕ್ಕರೆ ಅಚ್ಚು ಮಾಡುವಾಗ ಪಾಕಕ್ಕೆ ಹಾಲು ಯಾಕೆ ಹಾಕುತ್ತಾರೆ ಎಂದು ಮೇಷ್ಟ್ರು ಕೇಳಿದರು. ಸಕ್ಕರೆಯ ಕೊಳೆ ಕಪ್ಪಗೆ ಮೇಲೆ ತೇಲಿ ಬರಲಿ, ತೆಗೆದು ಚೆಲ್ಲೋಣ ಎಂದು. ನಾನೇ ಹೇಳಿದೆ. ಕುಂಬಳದ ಹೆಣ್ಣು ಹೂವನ್ನು ಗುರುತಿಸುವುದು ಹೇಗೆ ಎಂದರು. ಹೂವಿನ ಕೆಳಗೆ ಪುಟ್ಟ ಕಾಯಿ ಇರುತ್ತದೆ ಎಂದು ಬೀಗಿತ್ತಿ ಹೇಳಿದರು. ಕೈಚೀಲದೊಳಗೆ ಕೈ ಹಾಕಿ, ನೋಡದೆ ಬೀಜ ಗುರುತಿಸುವ ಸುತ್ತಿನಲ್ಲಿ ಬೀಗಿತ್ತಿ ಬೆರಳು ಸೋಕಿಸಿದ್ದೇ ತಡ "ಪಡವಲ" ಅಂದುಬಿಟ್ಟರು. ಮುಂದಿನ ಪ್ರಶ್ನೆ ನನಗೆ ಬಂತು.

"ಸಂಕ್ರಾಂತಿ ಸಂಜೆ ದನಗಳನ್ನ ಕಿಚ್ಚು ಹಾಯಿಸ್ತಾರೆ. ಬೆಂಕಿ ದಾಟಿಸೋದ್ರಿಂದ ದನಕ್ಕೆ ಏನು ಲಾಭ ಅಂತ ಹೇಳ್ತಾರೆ?"

"ಮೈಮೇಲಿನ ಉಣ್ಣೆ ಉದುರ್ತವಂತೆ ಮೇಷ್ಟ್ರೇ. ರಕ್ತ ಕುಡ್ದು ಊದ್ಕೊಂಡಿರೋ ಉಣ್ಣೆ. ಪಲಾವಿನ್ ಪಾತ್ರೆ ಮುಚ್ಚಳ ತೆಗ್ದ ಮೇಲೇ ಕೇಳ್ಬೇಕಿತ್ತಾ ಇದ್ನ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ, ಬಾಯಿಗೆ ಸೆರಗು ಹಿಡಿದಿದ್ದೆ.

ಕೊನೆಗೆ ಕಡಬದ ಅಕ್ಕ ತಂಗಿಯೂ ನಾವೂ ಸಮ ಸಮ ನಿಂತೆವು. ಮೇಷ್ಟ್ರು ಒಳಗಿನಿಂದ ಒಂದು ಮಡಕೆ ತಂದರು. ಬಾಯಿಗೆ ಬಟ್ಟೆ ಕಟ್ಟಿತ್ತು. ಇದರೊಳಗೆ ಒಂದು ವಸ್ತುವನ್ನು ತೆಂಗಿನ ನಾರಿನ ಪುಡಿಯಲ್ಲಿ ಕಲಸಿ ಇಟ್ಟಿದೆ, ಜೋಡಿಯಲ್ಲಿ ಒಬ್ಬರು ಕಣ್ಣು ಕಟ್ಟಿಕೊಂಡು ಮುಟ್ಟಿ, ಅದೇನೆಂದು ತಮ್ಮ ಕಿವಿಯಲ್ಲಿ ಹೇಳಬೇಕು ಎಂದರು.

"ನಾನ್ ಹಾಕ್ತೀನಿ ಕೈಯ," ಎಂದು ಬೀಗಿತ್ತಿ ಎದ್ದರು.

"ನೀವು ಬೀಜದ್ ಸುತ್ನಲ್ಲಿ ಮುಟ್ಟಿದ್ರಿ ಅಮ್ಮ. ಈಗ ನಿಮ್ ಜೋಡಿಯೋರದು."

ಬೀಗಿತ್ತಿ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. "ಬೇಡ ಬುಡಿ ಬೀಗ್ರೆ," ಅಂದರು ಮೆಲ್ಲಗೆ. "ನಿಮ್ ಕೈಲಾಗಲ್ಲ. ಮನೆಗೆ ಹೋಗನ." ಆ ಮಾತಿನಲ್ಲಿ ತಮಾಷೆ ಇರಲಿಲ್ಲ. ಬೈದಿದ್ದರೆ ನಾನು ಸುಮ್ಮನೆ ಎದ್ದು ಬರುತ್ತಿದ್ದೆ.

ಮೊದಲು ಕಡಬದ ತಂಗಿ ಹೋದಳು. ಕೈ ಹಾಕಿ ಕ್ಷಣದಲ್ಲಿ ತೆಗೆದು, ಮೇಷ್ಟ್ರ ಕಿವಿಯಲ್ಲಿ ಏನೋ ಹೇಳಿ, ಗೆದ್ದವಳ ಹಾಗೆ ಬಂದು ಕೂತಳು. ಆಮೇಲೆ ನನ್ನ ಕಣ್ಣಿಗೆ ಬಟ್ಟೆ ಕಟ್ಟಿದರು. ಆ ಬಟ್ಟೆಯಲ್ಲೂ ಯಾರದೋ ತಲೆಗೆಣ್ಣೆಯ ವಾಸನೆ.

ಯಾವ ಕೈ ಹಾಕುವುದು? ಎಡಗೈಯಲ್ಲಿ ದಿನಾ ಬೆಳಿಗ್ಗೆ ಲಿಂಗ ಇಟ್ಟು ಪೂಜೆ ಮಾಡುತ್ತೇನೆ. ಬಲಗೈಯಲ್ಲಿ ಊಟ ಮಾಡುತ್ತೇನೆ. ಮೂರನೆಯದನ್ನು ದೇವರು ಕೊಟ್ಟಿಲ್ಲ.

"ಯಾವ್ ಕೈ ಆದ್ರೂ ನಡೀತದೆ ಅಮ್ಮ, ಬೇಗ ಹಾಕಿ," ಅಂದರು ಮೇಷ್ಟ್ರು.

"ಕಾಲು ಹಾಕಿದ್ರೆ ನಡೀತದಾ?"

ನಡೆಯುವುದಿಲ್ಲ ಎಂದರು. ಊಟ ಬಿಟ್ಟರೂ ಪೂಜೆ ಬಿಡುವುದಕ್ಕಾಗುವುದಿಲ್ಲ ಎಂದುಕೊಂಡು ಬಲಗೈ ಇಳಿಸಿದೆ. ಮೊದಲು ಒದ್ದೆ ನಾರಿನ ಪುಡಿ ಸಿಕ್ಕಿತು. ಅದರ ಕೆಳಗೆ ತಣ್ಣಗೆ, ಮೆತ್ತಗೆ, ಜಾರಿಕೊಳ್ಳುವ ಏನೋ ಒಂದು ರಾಶಿ. ಹಿಡಿದರೆ ಬೆರಳ ಸಂದಿಯಿಂದ ನುಣುಚಿಕೊಂಡು ಹೋಗುತ್ತಿತ್ತು. ಎರೆಹುಳ, ಮಡಕೆ ತುಂಬ ಎರೆಹುಳ, ಇನ್ನೇನಿರುತ್ತದೆ ಈ ಮನೆಯಲ್ಲಿ ಎಂದು ಕೈ ಕಿತ್ತುಕೊಳ್ಳುವುದರಲ್ಲಿದ್ದೆ.

ಆಗ ನನ್ನ ಹೆಬ್ಬೆರಳು ತೋರುಬೆರಳು ತಾವಾಗಿಯೇ ಒಂದು ಕೆಲಸ ಮಾಡಿದವು. ಅದನ್ನು ನಡುವೆ ಇಟ್ಟುಕೊಂಡು ಒತ್ತಿದವು. ಬೇಳೆ ಹಾರಲಿಲ್ಲ, ಹಾರುವುದಕ್ಕೆ ಒಳಗೆ ಬೇಳೆ ಇರಲಿಲ್ಲ. ಬರೀ ಸಿಪ್ಪೆ.

ಮೇಷ್ಟ್ರ ಕಿವಿಯಲ್ಲಿ ಹೇಳಿ ಬಟ್ಟೆ ಬಿಚ್ಚಿದೆ. ಕೈಯನ್ನು ಮೈಗೆ ತಗಲದಂತೆ ದೂರ ಹಿಡಿದು ನಿಂತೆ.

"ಒಬ್ರು ಎರೆಹುಳ ಅಂದವ್ರೆ. ಒಬ್ರು ಹಿತಕಿದ ಅವರೆ ಸಿಪ್ಪೆ ಅಂದವ್ರೆ," ಎಂದು ಮೇಷ್ಟ್ರು ಹೇಳಿದರು. "ಸಿಪ್ಪೆ ಸರಿ."

"ಅದೆಂಗೆ?" ಎಂದು ಕಡಬದ ಅಕ್ಕ ಎದ್ದಳು. "ನನ್ ತಂಗಿ ದಿನಾ ಹುಳದಲ್ಲೇ ಕೈ ಆಡ್ಸೋಳು. ಅವ್ಳಿಗೆ ಗೊತ್ತಾಗಲ್ವಾ?"

"ದಿನಾ ಅದ್ರಲ್ಲೇ ಕೈ ಆಡ್ಸಿದ್ರೆ ಎಲ್ಲಾನೂ ಹುಳಾನೇ ಅನ್ಸೋದು," ಎಂದೆ ನಾನು. "ನನ್ ಕೈ ಕೇಳಿ. ಹುಳ ತಗಲಿದ್ರೆ ಬೆನ್ನುಹುರಿವರ್ಗೂ ಗೊತ್ತಾಗ್ತದೆ ನನ್ಗೆ. ಮೈಯೇ ಹೇಳ್ತದೆ."

"ಸುರೀರಿ ಅದ್ನ. ನೋಡೇ ಬುಡನ," ಎಂದಳು ಅಕ್ಕ.

ಮೇಷ್ಟ್ರು ಪೇಪರು ಹಾಸಿ ಮಡಕೆ ಬೋರಲು ಹಾಕಿದರು. ನಾರಿನ ಪುಡಿ, ಸಿಪ್ಪೆಯ ರಾಶಿ, ಅವರ ಹೆಂಡತಿ ಸಿಪ್ಪೆಯ ಜೊತೆಗೇ ಬಾಚಿ ಕೊಟ್ಟಿದ್ದ ಎರಡು ಅರೆಸುಲಿದ ಅವರೆಕಾಯಿ. ಆ ರಾಶಿ ಅಲ್ಲಾಡಿತು. ಅದರೊಳಗಿನಿಂದ ಬೆರಳುದ್ದದ ಹುಳವೊಂದು ಮೈ ಮುರಿಯುತ್ತ ಎದ್ದು ಬಂತು.

"ಹುಳ ಐತೆ ನೋಡಿ," ಎಂದು ಅಕ್ಕ ತಂಗಿ ಒಟ್ಟಿಗೇ ಹೇಳಿದರು. ಮೇಷ್ಟ್ರು ಪೆಚ್ಚಾಗಿ ನಿಂತರು. ತಾವು ಇಟ್ಟಿರದ ವಸ್ತುವಿಗೆ ಅಂಕ ಕೊಡುವುದು ಹೇಗೆಂದು ಅವರಿಗೆ ಗೊತ್ತಾಗಲಿಲ್ಲ. ನಾನು ಕುರ್ಚಿ ಹತ್ತಿ ನಿಂತಿದ್ದೆ.

ಬೀಗಿತ್ತಿ ಬಂದು ಪೇಪರಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಹುಳವನ್ನು ಎರಡು ಬೆರಳಲ್ಲಿ ಎತ್ತಿ, ಅಕ್ಕ ತಂಗಿಯ ಮೂಗಿನ ಮುಂದೆ ಹಿಡಿದರು. "ಹಸುರಾಗೈತೆ. ಕಾಲೂ ಐತೆ. ಎರೆಹುಳಕ್ಕೆ ಯಾವಾಗ್ ಬಂದ್ವಮ್ಮ ಕಾಲು? ಇದು ಅವರೆಕಾಯ್ ಹುಳ. ಸಿಪ್ಪೆ ಇದ್ದಲ್ಲಿಗೆ ಬಂದೈತೆ, ಸಾಕ್ಷಿ ಹೇಳಕ್ಕೆ."

ಎರೆಹುಳದ ಗುರುಗಳು ಆಮೇಲೆ ಏನು ವಾದ ಮಾಡುತ್ತಾರೆ? ಅಕ್ಕ ಡಬ್ಬಿಯನ್ನು ಮಡಿಲಿನಿಂದ ತೆಗೆದು ಕೊಟ್ಟಳು. ಬೀಗಿತ್ತಿ ಅದನ್ನು ಎರಡೂ ಕೈಯಲ್ಲಿ ಈಸಿಕೊಂಡರು. ಮೀನಿನ ಬಾಟಲಿ ಕಡಬದವರ ಪಾಲಾಯಿತು. ಪಲಾವನ್ನು ನಾನು ಮುಟ್ಟಲಿಲ್ಲ. ಕೆಳಗಿನ ನಲ್ಲಿಯಲ್ಲಿ ಮೇಷ್ಟ್ರ ಮನೆಯ ಸೋಪು ಕರಗಿ ಚೂರಾಗುವವರೆಗೂ ಕೈ ತೊಳೆದೆ. ಆ ವಾರವೆಲ್ಲ ಮುದ್ದೆಯನ್ನು ಚಮಚದಲ್ಲಿ ತಿಂದೆ. ಸಾರಿನಲ್ಲಿ ಅದ್ದಿದ ಮುದ್ದೆಯನ್ನು ಚಮಚದಲ್ಲಿ ತಿಂದು ನೋಡಿ, ನನ್ನ ಕಷ್ಟ ಗೊತ್ತಾಗುತ್ತದೆ.

ಮೊನ್ನೆ ಕ್ಯಾತ್ಸಂದ್ರಕ್ಕೆ ಹೋಗಿದ್ದೆ. ಮೆಟ್ಟಿಲಿನ ಮೇಲೆಲ್ಲ ಮಣ್ಣಿನ ಚಪ್ಪಲಿ ಗುರುತು, ಗಲೀಜು. ಒಳಗೆ ಯಾರೋ ಹೆಂಗಸು ಕೂತು ತನ್ನ ಸೊಸೆಯ ಮೇಲೆ ದೂರು ಹೇಳುತ್ತಿದ್ದಳು, ಬೀಜದ ಪೊಟ್ಟಣ ಆಗಲೇ ಅವಳ ಕೈಯಲ್ಲಿತ್ತು. ಅವಳು ಹೋದ ಮೇಲೆ ಬೀಗಿತ್ತಿ ಡಬ್ಬಿ ಮುಚ್ಚಿ, ಬೂದಿ ಮೆತ್ತಿದ ಕೈಯಲ್ಲೇ ಕಾಫಿ ತಂದರು. ಲೋಟದ ಅಂಚಿನ ಮೇಲೆ ಒಂದು ನುಸಿ ನಡೆಯುತ್ತಿತ್ತು.

"ಈ ಕೈಲಿ ಕೊಟ್ಟ ಕಾಫಿ ಕುಡಿಯೋಳಲ್ಲ ನಾನು," ಎಂದೆ. "ನೋಡಕ್ಕೇ ಅಸಹ್ಯ ಆಗ್ತದೆ."

ಅವರು ನುಸಿಯನ್ನು ಊದಿ ಹಾರಿಸಿ, ಲೋಟವನ್ನು ನನ್ನ ಮುಂದೆ ಕುಕ್ಕಿದರು. "ಅವತ್ತು ಮಡಕೇಲಿ ಅಷ್ಟೊತ್ತು ಹುಳದ ಜೊತೆ ಕೈ ಕುಲುಕ್ತಾ ನಿಂತಿದ್ರಿ, ಬೆನ್ನುಹುರಿಗೂ ಗೊತ್ತಾಗ್ನಿಲ್ಲ. ಈಗ ನನ್ ಕೈ ಅಸಹ್ಯನಾ? ಬೇಗ ಕುಡ್ದು ಜಾಗ ಬುಡಿ ಬೀಗ್ರೆ, ಮೆಟ್ಲಲ್ಲಿ ಇನ್ಯಾರೋ ಬರ್ತಾವ್ರೆ."