ಎರವಲು ಸ್ವರದ ಭರವಸೆ

ಕಳೆದ ಪಂಚಾಯಿತಿ ಚುನಾವಣೆಯಲ್ಲಿ ನಾನು ನಿಂತಿರಲಿಲ್ಲ. ಆದರೂ ಮತದಾರರಿಗೆ ಒಂದು ಭರವಸೆ ಕೊಟ್ಟೆ. ನಿಂತವರೆಲ್ಲ ಮಾಡುವ ತಪ್ಪನ್ನು ನಿಲ್ಲದೆಯೇ ಮಾಡಿದವನು ಗಾಳಿಬೀಡಿನಲ್ಲಿ ನಾನೊಬ್ಬನೇ ಇರಬೇಕು. ಈ ಸಾಧನೆಯ ಬಗ್ಗೆ ನನಗೆ ಸ್ವಲ್ಪ ನಾಚಿಕೆ, ಉಳಿದದ್ದೆಲ್ಲ ಹೆಮ್ಮೆ.

ನನಗಿರುವುದು ಒಂದೇ ವಿದ್ಯೆ, ಬೇರೆಯವರ ಸ್ವರ ತೆಗೆಯುವುದು. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವ ಮಾವಂದಿರ ಕೆಮ್ಮು, ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೂಲಿಯಾಳುಗಳ ಲೈನ್‌ಮನೆಗಳ ಮುಂದೆ ನಿಂತು ತಮಿಳು, ಮಲಯಾಳ, ಕನ್ನಡ ಮೂರನ್ನೂ ಕಲಸಿ ಬೈಯುವ ಬೈಗುಳ, ಪಶುವೈದ್ಯರು ಹಸುವಿನೊಡನೆ ಮಾತ್ರ ತೋರುವ ಮೃದುತ್ವ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿವೆ. ಜಾಗ ಸಾಲದೆ ನನ್ನದೇ ಸ್ವರ ಮನೆ ಬಿಟ್ಟು ಹೋಗಿದೆ. ಫೋನಿನಲ್ಲಿ “ನಾನು” ಎಂದರೆ ಹೆತ್ತ ತಾಯಿ “ಯಾರು?” ಎನ್ನುತ್ತಾಳೆ.

ಪ್ರಜಾಪ್ರಭುತ್ವದ ಬಗ್ಗೆ ನನಗಿರುವ ಪಾಂಡಿತ್ಯವೂ ಈ ತಾಯಿಯ ಅಡುಗೆಮನೆಯಲ್ಲೇ ಸಂಪಾದಿಸಿದ್ದು. ಒಂದು ಭಾನುವಾರ ತಿಂಡಿಗೆ ಏನೆಂಬುದನ್ನು ಮತಕ್ಕೆ ಹಾಕಿದೆವು. ಕಡುಬಿಗೆ ಭಾರೀ ಬಹುಮತ. ಅಮ್ಮ ಜನಾದೇಶವನ್ನು ಗೌರವದಿಂದ ಆಲಿಸಿ ಉಪ್ಪಿಟ್ಟು ಮಾಡಿದಳು. ಶಾಸಕಾಂಗಕ್ಕೂ ಕಾರ್ಯಾಂಗಕ್ಕೂ ಇರುವ ವ್ಯತ್ಯಾಸ ಅಂದು ನನಗೆ ಒಗ್ಗರಣೆ ಸಮೇತ ತಿಳಿಯಿತು.

ಹಳೆಯ ಗ್ರೀಸಿನಲ್ಲಿ ಎಷ್ಟೋ ಹುದ್ದೆಗಳಿಗೆ ಚೀಟಿ ಎತ್ತಿ ಜನರನ್ನು ಆರಿಸುತ್ತಿದ್ದರಂತೆ. ನಮ್ಮ ಚಿಕ್ಕಪ್ಪನ ಕ್ರಮವೂ ಅದಕ್ಕಿಂತ ಬಹಳ ದೂರವಿಲ್ಲ. ಆ ವಾರ ಮನೆಯ ಕುಕ್ಕರ್ ಚೆನ್ನಾಗಿ ಕೂಗಿತೆಂದು ಕುಕ್ಕರ್ ಗುರುತಿಗೆ ಒತ್ತಿ ಬಂದವರು ಅವರು. ಪಕ್ಕದ ಮನೆಯ ಮೇಷ್ಟ್ರು ತಿಂಗಳಿಡೀ ಯೋಚಿಸಿ, ನಿದ್ದೆಗೆಟ್ಟು ಹಾಕಿದ ಮತಕ್ಕೂ ಅದಕ್ಕೂ ತೂಕ ಒಂದೇ. ಇದೇ ಈ ವ್ಯವಸ್ಥೆಯ ದೌರ್ಬಲ್ಯ ಎನ್ನುತ್ತಾರೆ ಮೇಷ್ಟ್ರು. ಇದೇ ಶಕ್ತಿ ಎನ್ನುತ್ತಾರೆ ಚಿಕ್ಕಪ್ಪ. ಎರಡೂ ವಾದವನ್ನು ಅವರವರ ಸ್ವರದಲ್ಲೇ ಮಂಡಿಸಬಲ್ಲ ನನಗೆ ಸ್ವಂತ ಅಭಿಪ್ರಾಯದ ಅಗತ್ಯ ಬಿದ್ದಿಲ್ಲ.

ಹೀಗಿರುವಾಗ ನಮ್ಮ ವಾರ್ಡಿನಲ್ಲಿ ನಿಂತಿದ್ದ ಕುಶಾಲಪ್ಪಣ್ಣನ ಗಂಟಲು ಪ್ರಚಾರದ ಕೊನೆಯ ದಿನ ಕೈಕೊಟ್ಟಿತು. ಅವರು ಉಪ್ಪುನೀರು ಮುಕ್ಕಳಿಸುತ್ತ ಮನೆಯಲ್ಲಿ ಕೂತು, ಜೀಪನ್ನೂ ಮೈಕನ್ನೂ ನನಗೆ ಒಪ್ಪಿಸಿದರು. ಸನ್ನೆಯಲ್ಲಿ ಅಪ್ಪಣೆಯಾದದ್ದು ಇಷ್ಟೇ: ನನ್ನ ಸ್ವರದಲ್ಲಿ ನಮಸ್ಕಾರ ಹೇಳು, ಮತ ಕೇಳು, ಬೇರೆ ಏನನ್ನೂ ಹೇಳಬೇಡ.

ಅಂದು ಮಂಜು ಎಂದರೆ ಜೀಪಿನ ಮೂತಿ ಡ್ರೈವರನಿಗೇ ಕಾಣದಷ್ಟು. ಅಂಥ ದಿನ ನಮ್ಮೂರಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಸ್ವರ ಕೇಳಿಯೇ ಗುರುತು ಹಿಡಿಯುತ್ತೇವೆ. ರಸ್ತೆ ಮುಗಿಯುವ ಹೊಳೆಯ ಬದಿಯಲ್ಲಿ ಜೀಪು ನಿಂತಿತು. ಆಚೆ ದಡದ ಬಿಳುಪಿನೊಳಗಿಂದ ಪಾರ್ವತಕ್ಕನ ಸ್ವರ ಬಂತು. ಆ ಹೊಳೆಗೆ ಅಡ್ಡ ಹಾಕಿದ ಎರಡು ಮರದ ದಿಮ್ಮಿಯೇ ಅವರ ಕಡೆಯ ಮನೆಗಳಿಗೆ ದಾರಿ. ನಡೆದು ದಾಟುವಷ್ಟು ಅಗಲದ ಸೇತುವೆ, ಅಂದರೆ ಕಾಲುಸಂಕ, ಇನ್ನೂ ಆಗಿಲ್ಲ. ಮಳೆಗಾಲದಲ್ಲಿ ಅವರ ಮೊಮ್ಮಗಳು ಶಾಲೆಗೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವುದು ಹೊಳೆ. ಹೋದ ವರ್ಷ ಹುಡುಗಿ ಜಾರಿ, ಚೀಲ ನೀರುಪಾಲಾಗಿ, ಅವಳು ಮಾತ್ರ ಬೇರು ಹಿಡಿದು ಉಳಿದಿದ್ದಳು.

“ಕುಶಾಲಪ್ಪ, ನೀನೇನಾ? ಕಾಲುಸಂಕದ ವಿಷಯ ಒಂದು ಹೇಳಿ ಹೋಗು” ಎಂದರು ಪಾರ್ವತಕ್ಕ.

ಅಣ್ಣ ಮನೆಯಲ್ಲಿ ಮುಕ್ಕಳಿಸುತ್ತಿದ್ದಾರೆ ಎಂದರೆ ಮುಗಿಯುತ್ತಿತ್ತು. ಆದರೆ ಅಭ್ಯರ್ಥಿಯ ಸ್ವರ ಗಂಟಲಿಗೆ ಇಳಿದರೆ ಅಭ್ಯರ್ಥಿಯ ಉದಾರತೆಯೂ ಜೊತೆಗೇ ಇಳಿಯುತ್ತದೆ, ಸ್ವಾಮಿ. “ಮಳೆಗಾಲದೊಳಗೆ ಸಂಕ ಆಗ್ತದೆ ಅಕ್ಕ. ಇದು ಕುಶಾಲಪ್ಪನ ಮಾತು” ಎಂದುಬಿಟ್ಟೆ. ಮೈಕು ಆರಿಸಿರಲಿಲ್ಲ. ಎದುರಿನ ಬೆಟ್ಟ ಅದನ್ನೇ ಇನ್ನೊಮ್ಮೆ ಹೇಳಿ ಅನುಮೋದಿಸಿತು.

ಹೊಳೆಯಾಚೆಯವರೆಲ್ಲ ಒಂದೇ ಕಡೆ ವಾಲಿದರು. ಕುಶಾಲಪ್ಪಣ್ಣ ಕೂದಲೆಳೆಯಲ್ಲಿ ಗೆದ್ದರು. ತಮ್ಮ ಮೌನಕ್ಕೆ ಸಂದ ಜಯವೆಂದು ಅವರು ನಂಬಿದ್ದರು. ನಾನೂ ಆ ನಂಬಿಕೆಯನ್ನು ಕೆಡಿಸಲು ಹೋಗಲಿಲ್ಲ.

ಮಳೆ ಹತ್ತಿರವಾಗುವಾಗ ಗ್ರಾಮಸಭೆ ಸೇರಿತು. ಪಾರ್ವತಕ್ಕ ಎದ್ದು ಸಂಕ ಕೇಳಿದರು. ಕುಶಾಲಪ್ಪಣ್ಣ ಪ್ರಾಮಾಣಿಕವಾಗಿ ಬೆಚ್ಚಿ, ಆ ದಿನ ತಮಗೆ ಸ್ವರವೇ ಇರಲಿಲ್ಲವೆಂದರು. ಆಮೇಲೆ ಅವರ ಕಣ್ಣು ನಿಧಾನವಾಗಿ ನನ್ನನ್ನು ಹುಡುಕಿ ಬಂತು. ನಾನು ಎದ್ದು ತಪ್ಪೊಪ್ಪಿಕೊಂಡೆ. ನನ್ನ ಸ್ವಂತ ಸ್ವರದಲ್ಲಿ ಹೇಳಿದ್ದರಿಂದ ಯಾರೂ ನಂಬಲಿಲ್ಲ. ಮೇಲಿನಿಂದ ಬಂದಿದ್ದ ಅಧಿಕಾರಿಗಳು, ಹಾಗಾದರೆ ಮಾಡಿ ತೋರಿಸಿ ಎಂದರು. ಮಾಡಿ ತೋರಿಸಿದೆ. ಸಭೆ ಚಪ್ಪಾಳೆ ತಟ್ಟಿತು. ಹೀಗೆ ಅದೇ ಭರವಸೆಯನ್ನು ಅದೇ ಸ್ವರದಲ್ಲಿ ಎರಡನೇ ಸಲ, ಈ ಬಾರಿ ಸರಕಾರದ ಸಮಕ್ಷಮದಲ್ಲಿ, ಕೊಟ್ಟಂತಾಯಿತು.

ಕುಶಾಲಪ್ಪಣ್ಣನಿಗೆ ಮಾತ್ರ ಜೀವ ಬಂದಿತ್ತು. ಎಲ್ಲರೂ ಕೇಳಿದಿರಲ್ಲ, ಹೇಳಿದವನು ಇವನು, ನನಗೂ ಆ ಮಾತಿಗೂ ಸಂಬಂಧವಿಲ್ಲ ಎಂದು ಕೈ ತೊಳೆದುಕೊಂಡರು. ಅಧಿಕಾರಿಗಳು ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋಗುವವರಿದ್ದರು. ಪಾರ್ವತಕ್ಕ ಕೂರಲಿಲ್ಲ.

“ಆಯ್ತು ಕುಶಾಲಪ್ಪ, ಮಾತು ಇವನದ್ದೇ ಇರ್ಲಿ. ಆ ಮಾತಿಗೆ ನಾವು ಹಾಕಿದ ವೋಟಲ್ಲಿ ಗೆದ್ದು ಕೂತದ್ದು ನೀನು. ಒಂದೋ ನಿನ್ನ ಕುರ್ಚಿ ಇವನಿಗೆ ಕೊಡು, ಇಲ್ಲದಿದ್ರೆ ಸಂಕ ನಂಗೆ ಕೊಡು.”